ಮಾಮನ ಕ್ಲಾರಿನೆಟ್ಟಿಗೆ ಪಟ್ಟಿ ಹುಡುಕಿದ್ದು

ಪಟ್ಟಿಯನ್ನು ಮುರಿದದ್ದು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಇದನ್ನು ಓದಿದವರ ಮನೆಮನೆಗೂ ನನ್ನ ಹೆಂಡತಿ ಹೋಗಿ ಹೇಳಿ ಬರುತ್ತಾಳೆ.

ಕ್ಲಾರಿನೆಟ್ಟಿನ ತಲೆಯಲ್ಲಿ ಬಾಯಿಗಿಡುವ ಕಪ್ಪು ಮೂತಿಯೊಂದಿರುತ್ತದೆ. ಅದರ ಕೆಳಮೈಗೆ ಬೆರಳಗಲದ, ಬಿದಿರು ಸೀಳಿನಂಥ ರೀಡು ಒತ್ತಿಕೊಂಡು ಕೂರಬೇಕು. ನಾವು ಊದಿದಾಗ ನಡುಗಿ ನಾದ ಕೊಡುವುದು ಆ ರೀಡು. ಅದು ಜಾರದಂತೆ ಹಿಡಿದು ನಿಲ್ಲಿಸಲು ಮೂತಿಯ ಸುತ್ತ ಒಂದು ಪಟ್ಟಿ ಬೇಕು. ಅಂಗಡಿಯವರು ಅದನ್ನು ಲಿಗೇಚರ್ ಅನ್ನುತ್ತಾರೆ. ಎರಡು ಪುಟ್ಟ ಸ್ಕ್ರೂ ಇರುವ ಹಿತ್ತಾಳೆ ಬಳೆ ಅಂದುಕೊಳ್ಳಿ, ಸಾಕು. ಮಾಮ ಅದನ್ನು ಬರೀ ಪಟ್ಟಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಮಾಮ ಅಂದರೆ ನನ್ನ ಸೋದರಮಾವ. ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿ ಮನೆಯಲ್ಲಿ ಕನ್ನಡವಾಡುವ, ಒಕ್ಕಲುತನದ ನಮ್ಮ ಕುಲದಲ್ಲಿ ಕ್ಲಾರಿನೆಟ್ ಹಿಡಿದವರು ಅವರೊಬ್ಬರೇ. ತೇನಿಯ ಮದುವೆ ಬ್ಯಾಂಡಿನಲ್ಲಿ ಅರ್ಧ ಆಯುಸ್ಸು ಊದಿ, ಆಮೇಲೆ ಕಂಬಂ ಕಡೆಯ ಊರಿಗೆ ಮರಳಿ ತೆಂಗಿನ ತೋಟ ನೋಡಿಕೊಂಡು ಇದ್ದವರು. ಎಪ್ಪತ್ತೆಂಟಾಯಿತು. ಹೋದ ಆಯುಧಪೂಜೆ ಕಳೆದ ಮೇಲೆ ಇದ್ದಬದ್ದ ಹಲ್ಲೆಲ್ಲ ಕೀಳಿಸಿ ಕಟ್ಟಿದ ಹಲ್ಲು ಹಾಕಿಸಿಕೊಂಡರು. ಊಟಕ್ಕೆ ಅಡ್ಡಿಯಿಲ್ಲ, ಬೈಯುವುದಕ್ಕೂ ಅಡ್ಡಿಯಿಲ್ಲ. ಊದಲು ಹೋದರೆ ಮಾತ್ರ ಹಲ್ಲಿನ ಸೆಟ್ಟು ಕ್ಲಾರಿನೆಟ್ಟಿನ ಜೊತೆ ಹೊರಟುಬಿಡುತ್ತಿತ್ತು.

ಇದು ಬರೀ ಅವರ ಮನೆಯ ಸಂಗತಿಯಾಗಿದ್ದರೆ ನನಗೆ ಕಷ್ಟವಿರಲಿಲ್ಲ. ಅಲ್ಲೇ ನಮ್ಮವರದೊಂದು ದೊಡ್ಡಿ ಇದೆ. ಅಲ್ಲಿನ ದನಗಳು ಯಾರ ಸ್ವತ್ತೂ ಅಲ್ಲ, ದೇವರವು. ಅವನ್ನು ನೊಗಕ್ಕೆ ಹೂಡುವಂತಿಲ್ಲ, ಅವುಗಳ ಹಾಲು ಮಾರುವಂತಿಲ್ಲ, ದೊಡ್ಡಿಯೊಳಗೆ ಚಪ್ಪಲಿ ಹಾಕುವಂತಿಲ್ಲ. ಪೊಂಗಲ್ ಮರುದಿನ, ದನಗಳ ಹಬ್ಬದ ಸಂಜೆ, ಮೇಯಲು ಹೋದವು ಹಿಂದಿರುಗುವ ಹೊತ್ತಿಗೆ ಮಾಮ ಬಾಗಿಲಲ್ಲಿ ನಿಂತು ಒಂದು ಧಾಟಿ ಊದುತ್ತಿದ್ದರು. ಅವರ ಅಜ್ಜಿ ದನ ಕರೆಯುತ್ತಿದ್ದ ಧಾಟಿಯಂತೆ ಅದು. ಮಾತುಗಳು ಯಾರಿಗೂ ನೆನಪಿಲ್ಲ. ಕೊನೆಯಲ್ಲಿ ಒಂದು ಎತ್ತರದ ಸ್ವರವನ್ನು ಎಳೆದು ಹಿಡಿಯಬೇಕು, ಕೊನೆಯ ಕರು ಒಳಗೆ ಬರುವ ತನಕ. ನನಗೆ ಬುದ್ಧಿ ಬಂದ ಮೇಲೆ ಮಾಮ ಒಂದು ವರ್ಷವೂ ಅದನ್ನು ತಪ್ಪಿಸಿರಲಿಲ್ಲ.

ಈ ಸಲ ದೊಡ್ಡಿಯ ಹುಡುಗರು ಸ್ಪೀಕರ್ ಕಟ್ಟಿ ಫೋನಿನಿಂದ ಹಾಡು ಹಾಕೋಣ ಅಂದರು. ಮಾಮನಿಗೆ ಸಿಟ್ಟು ಬಂತು. ನನ್ನ ಹದಿನೇಳನೆಯ ವಯಸ್ಸಿನಿಂದ ಎರಡು ವರ್ಷ ನನಗೆ ಊದುವುದು ಕಲಿಸಿದ್ದು ಆಗ ಅವರಿಗೆ ನೆನಪಾಯಿತು. ದೀಪಾವಳಿಗೆ ನಮಸ್ಕಾರ ಮಾಡಲು ಹೋದವನ ಮಡಿಲಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ ಇಟ್ಟರು. ಅಳಿಯನಾದ ನನ್ನನ್ನು ಅವರು ಕರೆಯುವುದು ತಮಿಳಿನಲ್ಲಿ, ಮಾಪ್ಳೆ ಅಂತ.

"ಮಾಪ್ಳೆ, ನೀನು ಊದಿದ್ರೆ ನಾನು ದೊಡ್ಡಿಗೆ ಬತ್ತೀನಿ. ಸ್ಪೀಕರ್ ಊದಿದ್ರೆ ಬರಾಕಿಲ್ಲ. ಮನೇಲೇ ಕೂತಿರ್ತೀನಿ, ಈ ವರ್ಸಾನೂ, ಇನ್ ಮೇಲೂ."

ಅವರು ಹೇಳಿದರೆ ಹೇಳಿದ ಹಾಗೇ. ನನ್ನ ತಂಗಿಯ ಮದುವೆಯಲ್ಲಿ ಯಾರೋ ಕಾಫಿ ಕೊಡಲಿಲ್ಲವೆಂದು ಇಂದಿಗೂ ಕಾಫಿ ಕುಡಿಯದ ಮನುಷ್ಯ. ದೊಡ್ಡಿಯ ಬಾಗಿಲಲ್ಲಿ ಮಾಮ ಇಲ್ಲದ ಸಂಜೆಯನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. ಊದುತ್ತೇನೆ ಅಂದುಬಿಟ್ಟೆ.

ನನ್ನ ಕೆಲಸ ಬೋಡಿನಾಯಕನೂರಿನ ಏಲಕ್ಕಿ ಗೋಡೌನಿನಲ್ಲಿ. ಮೂವತ್ತು ವರ್ಷದಿಂದ ಏಲಕ್ಕಿ ಮೂಟೆಗಳ ಬಾಯಿ ಕಟ್ಟಿಸುತ್ತಿದ್ದೇನೆ, ಕಟ್ಟುತ್ತಲೂ ಇದ್ದೇನೆ. ಏಲಕ್ಕಿಯ ಜೀವ ಇರುವುದು ವಾಸನೆಯಲ್ಲಿ. ಗಂಟು ಸಡಿಲವಾದರೆ ವಾಸನೆ ಹಾರಿಹೋಗುತ್ತದೆ. ನಾನು ಕಟ್ಟಿದ ಮೂಟೆ ಬಿಚ್ಚಲು ಕತ್ತಿಯೇ ಬೇಕೆಂದು ಬೋಡಿಯಲ್ಲಿ ನನಗೊಂದು ಹೆಸರಿದೆ. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು.

ಕ್ಲಾರಿನೆಟ್ಟನ್ನು ಮನೆಗೆ ತಂದ ಮೊದಲ ದಿನವೇ ರೀಡಿಟ್ಟು, ಪಟ್ಟಿ ಏರಿಸಿ, ಸ್ಕ್ರೂ ತಿರುಗಿಸಿದೆ. ಜಾರಬಾರದಲ್ಲ ಎಂದು ಇನ್ನೊಂದು ಸುತ್ತು ತಿರುಗಿಸಿದೆ. ಹೆಂಡತಿ ಪಕ್ಕದಲ್ಲಿ ಕೂತು ದ್ರಾಕ್ಷಿ ಗೊಂಚಲಿನಿಂದ ಹಣ್ಣು ಬಿಡಿಸುತ್ತಿದ್ದಳು. ಅವಳ ತವರು ಓಡೈಪಟ್ಟಿ. ಅಲ್ಲಿ ನೆಲ ಕಾಣದಷ್ಟು ದ್ರಾಕ್ಷಿ ಚಪ್ಪರ. ತವರಿನಿಂದ ಯಾರು ಬಂದರೂ ಕೈಯಲ್ಲಿ ದ್ರಾಕ್ಷಿ ಬರುತ್ತದೆ.

"ಒಸಿ ಸಡಿಲ ಬಿಡಿ," ಅಂದಳು.

"ನಿನಗೇನು ಗೊತ್ತು ಕ್ಲಾರಿನೆಟ್?" ಅಂದು ಇನ್ನರ್ಧ ಸುತ್ತು ಕೊಟ್ಟೆ. ಟಪ್ ಅಂತ ಸ್ಕ್ರೂ ಕತ್ತು ಮುರಿಯಿತು. ಹಿತ್ತಾಳೆ ಬಳೆ ಬಾಯಿ ಬಿಟ್ಟುಕೊಂಡಿತು. ಅವಳು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡಳು. ಬೈದಿದ್ದರೇ ವಾಸಿಯಿತ್ತು.

ಮಾಮನಿಗೆ ಫೋನು ಮಾಡಿ ಅಳುಕುತ್ತ ಹೇಳಿದೆ. ಅವರು ಬೈಯಲಿಲ್ಲ. "ಹಳೇದು, ಹೋಗ್ಲಿ ಬಿಡು. ದಿಂಡಿಗಲ್‌ಗೆ ಹೋಗಿ ಬೇರೆ ತಕ್ಕೊ," ಅಂದರು.

"ಯಾವುದು ತಗೊಳ್ಳಲಿ ಮಾಮ?"

"ನಾನು ಹೇಳಾಕಿಲ್ಲ. ದೊಡ್ಡೀಲಿ ಪಟ್ಟದ ಹೋರಿ ನಾವ್ ಆರಿಸ್ತೀವಾ? ಕಬ್ಬಿಟ್ಟು ಸರಿದು ನಿಂತ್ಕೊ. ಬರೋದು ತಾನಾಗೇ ಬತ್ತದೆ."

ಇದು ನಮ್ಮವರಿಗೆ ಮಾತ್ರ ತಿಳಿಯುವ ಮಾತು, ಹೇಳಿಬಿಡುತ್ತೇನೆ. ದೊಡ್ಡಿಯ ಹಿರಿಯ ಹೋರಿ ಸತ್ತರೆ ಅದರ ಪಟ್ಟಕ್ಕೆ ಇನ್ನೊಂದನ್ನು ಮನುಷ್ಯರು ಆರಿಸುವಂತಿಲ್ಲ. ಒಂದು ಕಟ್ಟು ಕಬ್ಬನ್ನು ನಡುವೆ ಇಟ್ಟು ಎಲ್ಲರೂ ಹಿಂದೆ ಸರಿಯುತ್ತೇವೆ. ಕರೆಯುವಂತಿಲ್ಲ, ಅಟ್ಟುವಂತಿಲ್ಲ. ಯಾವ ಹೋರಿ ತಾನಾಗಿ ಬಂದು ಕಬ್ಬು ಕಡಿಯುತ್ತದೋ ಅದಕ್ಕೇ ಪಟ್ಟ. ನನ್ನ ಬಾಲ್ಯದಲ್ಲಿ ಒಮ್ಮೆ ಹೀಗೆ ಸಂಜೆಯ ತನಕ ಕಾದಿದ್ದೆವು. ಎಲ್ಲರ ಕಣ್ಣೂ ಒಂದು ದೊಡ್ಡ ಕೊಂಬಿನ ಹೋರಿಯ ಮೇಲಿತ್ತು. ಅದು ಕಬ್ಬಿನ ಹತ್ತಿರ ಬಂದು, ಮೂಸಿ, ಹೋಗಿ ಮಲಗಿತು. ಗೋಡೆಯ ಬದಿಗೆ ನಿಂತಿದ್ದ ಸಣಕಲೊಂದು ಬಂದು ಕರಕರ ಕಡಿಯಿತು. ಅದೇ ಹೋರಿ ಆಮೇಲೆ ಹದಿನೈದು ವರ್ಷ ದೊಡ್ಡಿಯನ್ನು ಆಳಿತು.

ಸರಿ, ಮುಂದಿನ ಭಾನುವಾರ ದಿಂಡಿಗಲ್ಲಿಗೆ ಹೋದೆ. ಬೀಗದ ಅಂಗಡಿಗಳ ಸಾಲು ದಾಟಿದ ಮೇಲೆ ಬ್ಯಾಂಡಿನ ವಾದ್ಯ ಮಾರುವ ಪುಟ್ಟ ಅಂಗಡಿಯಿದೆ. ಅಂಗಡಿಯಾತ ಗಾಜಿನ ಮೇಲೆ ಬಟ್ಟೆ ಹಾಸಿ ಚಿನ್ನದಂಗಡಿಯವನ ಗತ್ತಿನಲ್ಲಿ ಪಟ್ಟಿಗಳನ್ನು ಜೋಡಿಸಿದ. ಒಂದು ಬೆಳ್ಳಗೆ ಹೊಳೆಯುವ ನಿಕ್ಕಲ್ಲು. ಇನ್ನೊಂದು ಬಂಗಾರದ ಬಣ್ಣದ್ದು, ಅದರ ಸ್ಕ್ರೂಗಳು ತಲೆಕೆಳಗಾಗಿ ಮೇಲ್ಭಾಗಕ್ಕಿದ್ದವು. ಮೂರನೆಯದು ಚರ್ಮದ್ದು. ಊರಿನಲ್ಲಿ ಹದ ಮಾಡಿದ ಚರ್ಮದಿಂದ ತಾನೇ ಕತ್ತರಿಸಿ ಹೊಲಿದದ್ದೆಂದು ಆತ ಅದನ್ನು ಕೆನ್ನೆಗೆ ಒತ್ತಿ ತೋರಿಸಿದ.

"ನಿಮ್ಮ ನಾದ ಹೇಗೆ, ಸಾರ್? ಗಟ್ಟಿಯೋ ಮೆತ್ತಗೋ?" ಎಂದು ತಮಿಳಿನಲ್ಲಿ ಕೇಳಿದ.

ನನಗೆ ನಾದ ಅನ್ನುವುದೊಂದು ಇದೆಯೆಂದು ಇವನೊಬ್ಬನಾದರೂ ನಂಬಿದ್ದಾನಲ್ಲ ಎಂದು ಖುಷಿಯಾಯಿತು. "ನಡುವಿನದು," ಅಂದೆ. ಅಲ್ಲೇ ಊದಿ ನೋಡಿ ಅಂದ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ನನಗೆ ನಾಚಿಕೆ. ಮೂರನ್ನೂ ಒಯ್ದು ನೋಡಿ, ಬೇಡವಾದದ್ದನ್ನು ಪೊಂಗಲ್ ಕಳೆದ ಮೇಲೆ ಹಿಂದಕ್ಕೆ ಕೊಡುವುದೆಂದು ಮಾತಾಯಿತು. ಬಿರಿಯಾನಿ ತಿಂದು ಬಸ್ಸು ಹತ್ತಿದೆ. ಜೇಬಿನಲ್ಲಿ ಮೂರು ಪಟ್ಟಿ ಇದ್ದವನಿಗೆ ಇನ್ನೇನು ಚಿಂತೆ ಅನ್ನಿಸಿತು.

ನಿಕ್ಕಲ್ ಪಟ್ಟಿ ಹಾಕಿದರೆ ಕೆಳಗಿನ ಸ್ವರಗಳು ಚೆನ್ನಾಗಿ ಬಂದವು, ಎತ್ತರದ ಸ್ವರಕ್ಕೆ ಹೋದ ಕೂಡಲೇ ಕೀಕ್ ಅಂತ ಕಿರುಚಿತು. ಬಂಗಾರದ ಬಣ್ಣದ್ದು ಇನ್ನೂ ಗಟ್ಟಿಯಾಗಿ ಕಿರುಚಿತು. ಚರ್ಮದ್ದು ಮೊದಲು ಉಸಿರು ಕಟ್ಟಿದವರ ಹಾಗೆ ಉಸ್ ಉಸ್ ಅಂದು ಆಮೇಲೆ ಕಿರುಚಿತು. ಪ್ರತಿ ಕಿರುಚಾಟಕ್ಕೂ ನಾನು ರೀಡು ಅಲುಗಿತೇನೋ ಎಂದು ಸ್ಕ್ರೂ ಬಿಗಿ ಮಾಡುತ್ತಿದ್ದೆ. ಬಿಗಿ ಮಾಡಿದಷ್ಟೂ ಕಿರುಚಿತು.

ಒಂದು ದಿನ ಗೋಡೌನಿಗೂ ಒಯ್ದು ಊಟದ ಬಿಡುವಿನಲ್ಲಿ ಊದಿದೆ. ಏಲಕ್ಕಿ ಆರಿಸುವ ಹೆಂಗಸರು ಮೊದಲು ಕೆಲಸ ನಿಲ್ಲಿಸಿ ಕೇಳಿದರು. ಆಮೇಲೆ ಅವರಲ್ಲಿ ಹಿರಿಯಾಕೆ, ಘಟ್ಟ ಹತ್ತುವ ಕೇರಳದ ಬಸ್ಸು ತಿರುವಿನಲ್ಲಿ ಹೀಗೇ ಹಾರನ್ ಹೊಡೆಯುತ್ತದೆ ಅಂದಳು. ಉಳಿದವರು ಸೆರಗು ಬಾಯಿಗಿಟ್ಟುಕೊಂಡರು.

ಮನೆಯಲ್ಲಿ ನಾನು ಪಟ್ಟಿಗಳನ್ನು ಬೈಯತೊಡಗಿದೆ. ನಿಕ್ಕಲ್ ಸರಿಯಿಲ್ಲ, ಚರ್ಮ ಸರಿಯಿಲ್ಲ, ದಿಂಡಿಗಲ್ಲಿನವನು ಮೋಸ ಮಾಡಿದ. ಹೆಂಡತಿ ರೊಟ್ಟಿ ತಟ್ಟುತ್ತ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದಳು. ನಾನು ಆ ದಿನ ಒಂದು ರೊಟ್ಟಿ ಕಡಿಮೆ ತಿಂದೆ. ಅವಳದನ್ನು ಗಮನಿಸಲಿಲ್ಲ, ಅದು ಇನ್ನೂ ಬೇಸರ.

ಒಂದೆರಡು ವಿಚಿತ್ರಗಳೂ ನಡೆದವು. ಸಂಜೆ ಪೆಟ್ಟಿಗೆ ತೆರೆದರೆ ಕೆಲವೊಮ್ಮೆ ರೀಡು ಒದ್ದೆಯಾಗಿರುತ್ತಿತ್ತು. ಘಟ್ಟದ ಮಂಜು ಪೆಟ್ಟಿಗೆಯೊಳಗೂ ಇಳಿಯುತ್ತದೆ ಅಂದುಕೊಂಡು ಪೆಟ್ಟಿಗೆಗೊಂದು ಟವೆಲ್ ಸುತ್ತಿದೆ. ಇನ್ನೊಮ್ಮೆ ಪಕ್ಕದ ಮನೆಯಾಕೆ ನೀರು ಹಿಡಿಯುವಾಗ, "ನಿಮ್ಮನೆ ವಾದ್ಯ ಒಂದೊಂದು ಹೊತ್ತು ಬಲೇ ಇಂಪಾಗಿ ಬತ್ತದೆ, ಒಂದೊಂದು ಹೊತ್ತು ಬರಲ್ಲ," ಅಂದಳು. ಇಂಪಾಗಿ ಬಂದದ್ದು ಯಾವ ಹೊತ್ತು ಎಂದು ಕೇಳಲು ನನಗೆ ಹೊಳೆಯಲಿಲ್ಲ. ಹೊಗಳಿಕೆ ಸಿಕ್ಕಿದ್ದೇ ಸಾಕೆಂದು ಕೊಡ ಎತ್ತಿಕೊಂಡು ಒಳಗೆ ಬಂದೆ.

ಪೊಂಗಲ್ಲಿಗೆ ಎರಡು ವಾರ ಇರುವಾಗ ಮಾಮನ ಮನೆಗೆ ಹೋಗಿ ಮೂರೂ ಪಟ್ಟಿಯಲ್ಲಿ ಊದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮೂರನೆಯದು ಕಿರುಚಿದಾಗ ತೆಂಗಿನ ಮರದ ಮೇಲಿದ್ದ ಅಳಿಲು ಕೆಳಗಿಳಿದು ಓಡಿತು. ಮಾಮ ಕಣ್ಣು ತೆರೆದು ನನ್ನ ಬಲಗೈ ಹಿಡಿದು ಹೆಬ್ಬೆರಳು ನೋಡಿದರು. ಕ್ಲಾರಿನೆಟ್ಟಿನ ಭಾರವೆಲ್ಲ ಕೂರುವುದು ಆ ಬೆರಳಿನ ಗೆಣ್ಣಿನ ಮೇಲೆ. ದಿನಾ ಊದುವವರಿಗೆ ಅಲ್ಲಿ ಕೆಂಪಗೆ ಒಂದು ತಗ್ಗು ಬೀಳುತ್ತದೆ. ನನಗೂ ತೆಳ್ಳಗೆ ಬಿದ್ದಿತ್ತು.

"ಬೆರಳು ಕೆಲಸ ಮಾಡ್ತಾ ಐತೆ. ಇನ್ನೂ ಬಂದಿಲ್ಲ, ಅಷ್ಟೆ," ಅಂದರು.

"ಹುಡುಗರು ಸ್ಪೀಕರ್ ತಂದಿಟ್ಟಿದ್ದಾರಂತೆ ಮಾಮ. ಯಾತಕ್ಕೂ ಇರಲಿ ಅಂತ."

ಮಾಮ ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿ, ಅದನ್ನೇ ನೋಡುತ್ತ ಕೂತರು. ಬಸ್ಸಿನಲ್ಲಿ ಹಿಂದಿರುಗುವಾಗ ಜೇಬಿನ ಪಟ್ಟಿಗಳನ್ನು ಕಿಟಕಿಯಿಂದ ಎಸೆಯುವಷ್ಟು ಸಂಕಟವಾಯಿತು.

ದನಗಳ ಹಬ್ಬದ ಬೆಳಿಗ್ಗೆ ನಾನು ಅಂಗಳದಲ್ಲಿ ಕೊನೆಯ ಸಲ ಊದಿ ನೋಡಿದೆ. ಕೀಕ್. ಪಟ್ಟಿ ಬದಲಿಸಿದೆ. ಕೀಕ್. ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. "ಆಗಲ್ಲ. ಮಾಮನಿಗೆ ಫೋನು ಮಾಡಿ ಹೇಳಿಬಿಡ್ತೀನಿ," ಅಂದೆ. ದನಿ ಒಡೆದಿತ್ತು, ಮುಚ್ಚಿಡುವುದೇಕೆ.

ರಂಗೋಲಿ ಪುಡಿಯ ಡಬ್ಬಿ ಹಿಡಿದಿದ್ದ ಹೆಂಡತಿ ಅದನ್ನು ಕೆಳಗಿಟ್ಟು, ಕೈ ತೊಳೆದು ಬಂದಳು. ನನ್ನ ಕೈಯಿಂದ ಮೂತಿಯನ್ನು ತೆಗೆದುಕೊಂಡಳು. ಚರ್ಮದ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಳು. ಮೂಟೆಯ ಬಾಯಿ ಹೊಲಿಯುವ ಹತ್ತಿ ದಾರದ ಉಂಡೆ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಅದರಿಂದ ಎರಡು ಮೊಳ ಕತ್ತರಿಸಿ, ರೀಡಿನ ಬುಡದಿಂದ ಸುತ್ತತೊಡಗಿದಳು. ಬುಡದ ಸುತ್ತುಗಳು ಬಿಗಿ. ಮೇಲೆ ಮೇಲೆ ಹೋದಂತೆ ಕೈ ಹಗುರ ಮಾಡಿದಳು. ಕೊನೆಯ ಸುತ್ತಿನ ಕೆಳಗೆ ಉಗುರು ತೂರಿಸಿ ನೋಡಿ, ತೂರಿತು ಅಂದ ಮೇಲೆ ಗಂಟು ಹಾಕಿದಳು.

"ಇಷ್ಟು ಸಡಿಲವಾ? ಬಿದ್ದೋಗ್ತದೆ," ಅಂದೆ.

"ಬಳ್ಳೀನ ಚಪ್ಪರಕ್ಕೆ ಹಿಂಗೇ ಕಟ್ಟೋದು. ಬಳ್ಳಿ ನಾಳೆ ದಪ್ಪ ಆಯ್ತದೆ, ಅದಕ್ಕೆ ಜಾಗ ಬಿಡಬೇಕು. ನೀವು ಕಟ್ಟೋ ಹಂಗೆ ಕಟ್ಟಿದ್ರೆ ನಮ್ಮಪ್ಪನ ತೋಟ ಒಂದೇ ತಿಂಗಳಿಗೆ ಒಣಗಿ ವೋಗಿರೋದು. ಮೂಟೇಲಿರೋದು ಹೊರಗೆ ಬರಬಾರದು ಅಂತ ನೀವು ಕಟ್ತೀರಿ. ಇದು ಹೊರಗೆ ಬರಬೇಕಲ್ಲ?"

ಊದಿದೆ. ಎತ್ತರದ ಸ್ವರ ಎಣ್ಣೆ ಹಚ್ಚಿದ ಬಾಗಿಲಿನಂತೆ ಸದ್ದಿಲ್ಲದೆ ತೆರೆದುಕೊಂಡಿತು. ನಾನು ನಂಬದೆ ಇನ್ನೊಮ್ಮೆ ಊದಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ನಾಲ್ಕು ಪಟ್ಟಿಯನ್ನು ಕತ್ತು ಹಿಸುಕಿ, ಹಾಡಲಿಲ್ಲ ಎಂದು ನಾನು ಅವನ್ನೇ ಬೈದಿದ್ದೆ. ನಗು ಬಂತು, ನಾಚಿಕೆಯೂ ಬಂತು. ಆ ದಿಂಡಿಗಲ್ಲಿನವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಸಂಜೆ ದೊಡ್ಡಿಯ ಬಾಗಿಲಿಗೆ ಹೋದಾಗ ಮಾಮ ಅಲ್ಲಿರಲಿಲ್ಲ. ಸ್ಪೀಕರ್ ಕಂಬಕ್ಕೆ ಏರಿ ಕೂತಿತ್ತು. ನಾನು ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತು, ಯಾರನ್ನೂ ಕೇಳದೆ ಶುರು ಮಾಡಿದೆ. ದೂರದಲ್ಲಿ ಧೂಳೆದ್ದಿತು, ದನಗಳು ಬರುತ್ತಿದ್ದವು. ಧಾಟಿಯ ಎರಡನೆಯ ಸಾಲಿಗೆ ಬಂದಾಗ ಬೀದಿಯ ತಿರುವಿನಲ್ಲಿ ಬಿಳಿ ಪಂಚೆ ಕಂಡಿತು. ಮಾಮ ಮನೆಯಲ್ಲಿ ಕೂತು ಕಿವಿಗೊಟ್ಟಿದ್ದರಂತೆ. ಮೊದಲ ಸಾಲು ಕೇಳಿದ ಮೇಲೆ ಕೋಲು ಕೂಡ ಮರೆತು ಹೊರಟಿದ್ದರು. ಬಂದು ದನಗಳು ನೀರು ಕುಡಿಯುವ ಬಾನಿಯ ಪಕ್ಕದ ಕಲ್ಲಿನ ಮೇಲೆ ಕೂತರು. ನಡುವೆ ಒಂದು ಕಡೆ ನನ್ನ ಉಸಿರು ತಪ್ಪಿತು, ಸಣ್ಣದೊಂದು ಕೀಕ್ ಬಂತು. ಯಾರೂ ಲೆಕ್ಕಿಸಲಿಲ್ಲ. ಕೊನೆಯ ಸ್ವರವನ್ನು ಹಿಂದುಳಿದ ಕುಂಟು ಕರು ಒಳಗೆ ಬರುವ ತನಕ ಹಿಡಿದೆ. ಕಣ್ಣಲ್ಲಿ ನೀರು ಬಂದದ್ದು ಉಸಿರು ಹಿಡಿದದ್ದರಿಂದ ಮಾತ್ರ ಅಲ್ಲ.

ಮಾಮ ಎದ್ದು ಬಂದು ಕ್ಲಾರಿನೆಟ್ ತೆಗೆದುಕೊಂಡರು. ದಾರದ ಸುತ್ತುಗಳ ಮೇಲೆ ಉಗುರು ಆಡಿಸಿದರು. "ಇದು ಮೂಟೆ ಕಟ್ಟೋನ ಕೈ ಅಲ್ಲ. ಯಾರು ಕಟ್ಟಿದ್ದು?"

ಹೆಂಗಸರ ಸಾಲಿನಿಂದ ನನ್ನ ಹೆಂಡತಿ, "ನಾನೇ ಮಾಮ," ಅಂದಳು.

"ಬಾ ತಾಯಿ ಇಲ್ಲಿ." ಅವಳು ಬಂದಳು. ಮಾಮ ಅವಳ ಬಲಗೈ ಹಿಡಿದು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದರು. ಗೆಣ್ಣಿನ ಪಕ್ಕದಲ್ಲಿ ಕೆಂಪಗೆ ಒಂದು ತಗ್ಗು. ನನ್ನದಕ್ಕಿಂತ ಆಳವಾಗಿತ್ತು.

"ಎಷ್ಟು ದಿನದಿಂದ?"

ಅವಳು ತಲೆ ತಗ್ಗಿಸಿದಳು. "ದೀಪಾವಳಿಯಿಂದ. ಇವರು ಗೋಡೌನಿಗೆ ವೋದ ಮ್ಯಾಲೆ. ಇವರು ಬೆರಳಿಡೋದು ನೋಡ್ಕೊಂಡಿದ್ದೆ, ಸ್ಕ್ರೂ ಸಡಿಲ ಮಾಡಿ ಊದ್ತಿದ್ದೆ, ಇವರು ಬರೋಕೆ ಮುಂಚೆ ಮತ್ತೆ ಬಿಗಿ ಮಾಡಿಡ್ತಿದ್ದೆ. ಇವರಿಗೆ ಬಿಗಿ ಇದ್ರೇನೇ ಇಷ್ಟ."

ಒದ್ದೆ ರೀಡು, ಪಕ್ಕದ ಮನೆಯಾಕೆಯ ಮಾತು, ಪೆಟ್ಟಿಗೆಗೆ ನಾನು ಸುತ್ತಿದ ಟವೆಲ್ಲು ಎಲ್ಲ ಒಟ್ಟಿಗೆ ನೆನಪಾದವು. "ನನಗೆ ಹೇಳಬಾರದಿತ್ತಾ?" ಅಂದೆ.

"ಮೊದಲ್ನೇ ದಿನಾನೇ ಹೇಳಿದ್ನಲ್ಲ. ನಿನಗೇನು ಗೊತ್ತು ಅಂದ್ರಿ."

ಮಾಮ ನಗಲಿಲ್ಲ. ಕ್ಲಾರಿನೆಟ್ಟನ್ನು ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟು, ಮೂರು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು. ಪೆಟ್ಟಿಗೆಗೆ ಹಾಕಲು ಹೇಳುತ್ತಿದ್ದಾರೆಂದು ನಾನು ಕೈ ಚಾಚಿದೆ. "ನೀನು ಹಿಂದೆ ಸರಿ, ಮಾಪ್ಳೆ," ಅಂದರು.

ಆಗ ನನಗೆ ತಿಳಿಯಿತು. ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ದೀಪಾವಳಿಯ ದಿನ ಮಾಮ ನನ್ನ ಮಡಿಲಲ್ಲಿಟ್ಟದ್ದು ಕಬ್ಬು. ನಾನು ಮೂಸಿ ನೋಡಿದ್ದೆ, ಅಷ್ಟೆ. ಒಂದು ಗಳಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವಳ ಮುಖ ನೋಡಿದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಏನನ್ನಾದರೂ ಹಾಗೆ ಆಸೆಪಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ. ಕಂಡಿರಲಿಲ್ಲವೋ, ನೋಡಿರಲಿಲ್ಲವೋ. ನಾನು ಹಿಂದೆ ಸರಿದು ಮಾಮನ ಪಕ್ಕದಲ್ಲಿ ನಿಂತೆ.

ಯಾರೂ ಕರೆಯಲಿಲ್ಲ. ಅವಳು ತಾನಾಗಿ ನಡೆದು ಹೋಗಿ, ಎರಡೂ ಕೈಯಿಂದ ಎತ್ತಿಕೊಂಡಳು.

"ನನ್ನನ್ನ ಹೋರಿ ಮಾಡ್ಬಿಟ್ರಾ ಮಾಮ?" ಅಂದಳು, ಅಳುತ್ತಲೇ ನಗುತ್ತ.

"ಪಟ್ಟದ ಹೋರಿ," ಅಂದರು ಮಾಮ. "ಮುಂದಿನ ಪೊಂಗಲ್‌ಗೆ ನೀನೇ ಊದೋದು. ಒಂದು ವರ್ಸ ಐತೆ, ವಾರಕ್ಕೊಂದು ದಿನ ಬಾ, ಹೇಳ್ಕೊಡ್ತೀನಿ." ಆಮೇಲೆ ಕಂಬದ ಮೇಲಿನ ಸ್ಪೀಕರನ್ನು ಒಮ್ಮೆ ನೋಡಿ, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವವರ ಹಾಗೆ, "ನಾನೂ ಬತ್ತೀನಿ," ಅಂದರು.